ಮಾಟಗಾತಿಯ ಸೂಜಿ

ಬಿಲ್ಬಾವೊ ಆಸ್ಪತ್ರೆಯ ನಾಲ್ಕನೇ ಮಹಡಿ.
ಮೂಗುಬೊಟ್ಟಿನ ಒಬ್ಬಳು ಹುಡುಗಿ
ಒಂದೊಂದೇ ಚಿತ್ರ ತೋರಿಸುತ್ತಾಳೆ:
ಬೀಗದ ಕೈ. ಏಣಿ. ಕತ್ತೆ. ಕೊಡೆ.
ಮೊದಲು ಸ್ಪ್ಯಾನಿಶ್‌ನಲ್ಲಿ ಹೇಳುತ್ತೇನೆ, ಆಮೇಲೆ ನಮ್ಮ ಬಾಸ್ಕ್‌ನಲ್ಲಿ.
ನೀರ ಮೇಲೆ ನಿಂತಲ್ಲೇ ಹಾರುವ ಆ ನಾಲ್ಕು ರೆಕ್ಕೆಯ ಹುಳು ಬಂದಾಗ
ಸೊರ್ಗಿನ್-ಒರಾಟ್ಸ್ ಎಂದೆ, ಮಾಟಗಾತಿಯ ಸೂಜಿ.
ಸ್ಪ್ಯಾನಿಶ್ ಹೆಸರು ಬರಲೇ ಇಲ್ಲ.
ಅವಳು ಏನೋ ಬರೆದುಕೊಂಡಳು.

ಎಡಗಿವಿಯ ಮೇಲೆ, ಒಳಗೆ, ಗೋಡಂಬಿಯಷ್ಟು ಜಾಗ.
ಡಾಕ್ಟರ್ ಉರ್ಕಿದಿ ತಮ್ಮ ಬೋಳುತಲೆಯ ಮೇಲೇ
ಬೆರಳಿಟ್ಟು ತೋರಿಸಿದರು, ಅನುಕೂಲವಾಯಿತು.
ತೆಗೆದರೆ ನೂರಕ್ಕೆ ಅರವತ್ತೈದು ಜನರಿಗೆ ಫಿಟ್ಸ್ ನಿಲ್ಲುತ್ತದಂತೆ.
ಮಿಕ್ಕ ಮೂವತ್ತೈದು ಜನ ಎಲ್ಲಿಗೆ ಹೋಗ್ತಾರೆ, ಕೇಳಿದೆ.
"ವಾಪಸ್ ಇಲ್ಲಿಗೇ ಬರ್ತಾರೆ" ಎಂದರು.
ಸುಳ್ಳು ಹೇಳುವ ಮನುಷ್ಯ ಅಲ್ಲ.
ಹೆಸರುಗಳು ಸ್ವಲ್ಪ ಹೋಗಬಹುದು, ಎಂದೂ ಹೇಳಿದರು.
ಯಾವ ಹೆಸರು?
ಅದನ್ನು ಮೊದಲೇ ಹೇಳಲಾಗದು.

ಬೆರ್ಮೆಯೊ ಬಂದರಿನ ಮೀನು ಡಬ್ಬಿಯ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ.
ಕುದಿನೀರಿನ ತೊಟ್ಟಿಯಿಂದ ದೂರ ಇಟ್ಟರು,
ಆಮೇಲೆ ಕತ್ತರಿಯಿಂದ, ಕೊನೆಗೆ ಮೆಟ್ಟಿಲಿನಿಂದ.
ಈಗ ಕೂತು ಚೀಟಿ ಅಂಟಿಸುತ್ತೇನೆ.
"ತಲೆ ಪೂರ್ತಿ ಬೋಳಿಸ್ತಾರೇನೇ ಎನೆರಿಟ್ಸ್?" ಕಾರ್ಮೆಲೆಗೆ ಅದೊಂದೇ ಚಿಂತೆ.
ಇನ್ನೊಬ್ಬಳು ತನ್ನ ಪಿತ್ತಕೋಶದ ಕಲ್ಲಿನ ಕಥೆ ಹೇಳಿದಳು,
ಇಡೀ ಊಟದ ಹೊತ್ತು.

ಯಾರಿಗೂ ಹೇಳದ್ದು ಒಂದಿದೆ.
ಬೀಳುವ ಮುಂಚೆ, ಮೂರೇ ಕ್ಷಣ,
ಸುಟ್ಟ ಕಿತ್ತಳೆ ಸಿಪ್ಪೆಯ ವಾಸನೆ.
ಆಗ ಚಮಚ, ಕಿಟಕಿ, ಬಸ್ಸಿನಲ್ಲಿ ಕೆಮ್ಮುವ ಮುದುಕ,
ಎಲ್ಲ ಮೊದಲೇ ಗೊತ್ತಿದ್ದಂತೆ,
ಎಲ್ಲ ನನಗಾಗಿಯೇ ಕಾದಿದ್ದಂತೆ.
ಬೇರೆ ಯಾವ ಹೊತ್ತಿನಲ್ಲೂ ನನಗೆ ಇಷ್ಟು ಬಳಗವಿಲ್ಲ.
ಆಮೇಲೆ ನೆಲ.
ಬಾಯಲ್ಲಿ ರಕ್ತ, ಒದ್ದೆಯಾದ ಲಂಗ,
ಸುತ್ತ ನಿಂತವರ ಬೂಟುಗಳು.

ಅಜ್ಜಿಯ ಶಾಲೆಯಲ್ಲಿ ಬಾಸ್ಕ್ ಆಡಿದ ಮಗುವಿನ ಬೆರಳಿಗೆ
ಒಂದು ಉಂಗುರ ತೊಡಿಸುತ್ತಿದ್ದರು.
ಮತ್ತೊಬ್ಬರು ಆಡಿ ಸಿಕ್ಕಿಬಿದ್ದರೆ ಉಂಗುರ ಅವರಿಗೆ.
ಸಂಜೆ ಗಂಟೆ ಹೊಡೆಯುವಾಗ
ಅದು ಯಾರ ಬೆರಳಲ್ಲಿದೆಯೋ ಅವರಿಗೆ ಏಟು.
ಅಜ್ಜಿ ಯಾರ ಮೇಲೂ ಚಾಡಿ ಹೇಳಲಿಲ್ಲವಂತೆ,
ವಾರಗಟ್ಟಲೆ ಉಂಗುರ ಅವಳ ಬಳಿಯೇ.
ಅಷ್ಟು ಏಟು ತಿಂದು ಉಳಿಸಿಕೊಂಡ ಮಾತನ್ನು
ನಾನು ಸಹಿ ಹಾಕಿ ಕೊಡಲೇ?

ಹೀಗೆಂದು ಮಾರ್ಚ್ ಪೂರ್ತಿ ಕೊಡಲಿಲ್ಲ.

ಮೊನ್ನೆ ಕಸದ ಡಬ್ಬಿಯಲ್ಲಿ, ಮೊಟ್ಟೆ ಚಿಪ್ಪಿನ ಅಡಿಯಲ್ಲಿ,
ಶಾಲೆಯ ಚೀಟಿ ಸಿಕ್ಕಿತು, ನಾಲ್ಕು ಚೂರು.
ಮೂರನೇ ತರಗತಿಯ ಮಕ್ಕಳಿಗೆ ಬೆಟ್ಟದ ಮೇಲೆ ಎರಡು ರಾತ್ರಿ.
ಯಾಕೆ ಮದ್ದಿ, ಎಂದೆ.
ತಲೆಯೆತ್ತದೆ ಹೇಳಿದಳು:
"ನಾನು ಹೋದ್ರೆ ಎಣಿಸೋರು ಯಾರು?"

ಎಣಿಸುವವಳು ಅವಳೇ.
ತಲೆಯಡಿಗೆ ದಿಂಬು ತಳ್ಳಿ,
ಮಗ್ಗುಲಿಗೆ ಹೊರಳಿಸಿ,
ಮೈಕ್ರೋವೇವ್‌ನ ಗಡಿಯಾರ ನೋಡುತ್ತ ಒಂದು, ಎರಡು, ಮೂರು.
ಮುನ್ನೂರು ದಾಟಿದರೆ ಆಂಬುಲೆನ್ಸ್.
ಎಂಟು ವರ್ಷ ಅವಳಿಗೆ.
ಪಕ್ಕದ ಕೋಣೆಯಲ್ಲಿ ನಾನು ಸೀನಿದರೂ
ಅವಳ ಪಾದ ನೆಲಕ್ಕೆ ಬೀಳುವ ಸದ್ದು ಕೇಳುತ್ತದೆ.

ಎಚ್ಚರವಾಗಿಯೇ ಇರ್ತೀರಿ, ಎಂದಿದ್ದಾರೆ ಉರ್ಕಿದಿ.
ತಲೆ ತೆರೆದಿರುತ್ತದೆ, ಚಿತ್ರ ತೋರಿಸ್ತೇವೆ,
ನೀವು ಹೆಸರು ಹೇಳುತ್ತ ಇರಬೇಕು.
ಎಲ್ಲಿ ತಡವರಿಸುತ್ತೀರೋ ಅಲ್ಲಿ ಕೈ ಹಿಂದೆ ತೆಗೀತೇವೆ.
ಮನೆಯ ಚಿತ್ರ ತರಬಹುದಾ? ಕೇಳಿದೆ.
ತನ್ನಿ, ಎಂದರು.

ಮದ್ದಿ ಬರೆದುಕೊಟ್ಟಿದ್ದಾಳೆ.
ರೆಕ್ಕೆ ಆರಾಗಿವೆ. ತಿದ್ದಲಿಲ್ಲ.
ಚೀಟಿಯ ಚೂರುಗಳನ್ನು ಟೇಪು ಹಚ್ಚಿ ಸೇರಿಸಿ
ಮೊದಲು ಅದಕ್ಕೆ ಸಹಿ ಹಾಕಿದೆ.
ಇನ್ನೊಂದು ಕಾಗದ ಉಪ್ಪಿನ ಡಬ್ಬಿಯ ಕೆಳಗಿದೆ,
ಕಡಲ ಗಾಳಿಗೆ ಅಂಚು ಪಟಪಟ ಎನ್ನುತ್ತಿದೆ.
ಪೆನ್ನು ಇನ್ನೂ ಕೆಳಗಿಟ್ಟಿಲ್ಲ.